ಲಾಜಿಕ್ ಪಜಲ್ ಆ್ಯಪ್: ಎಷ್ಟು ಒಗಟು ಇವೆ ಅಂತಲ್ಲ, ಸುಳಿವು ಹೇಗಿದೆ ಅಂತ ನೋಡಿ

ಹಳೆಯ ತರ್ಕದ ಒಗಟುಗಳನ್ನು ಬಿಡಿಸುವ ಒಂದು ಆ್ಯಪ್‌ಗೆ ಕೆಲವು ವರ್ಷಗಳಿಂದ ಚಂದಾ ಕಟ್ಟುತ್ತಾ ಬಂದಿದ್ದೇನೆ. ಇಂಥ ಆ್ಯಪ್‌ಗಳ ಬಗ್ಗೆ ಸಿಗುವ ವಿಮರ್ಶೆಗಳು ಹೆಚ್ಚಾಗಿ ಮೊದಲ ವಾರದಲ್ಲೇ ಬರೆದವು. "ಸಾವಿರಾರು ಪಜಲ್ ಇವೆ, ಗ್ರಾಫಿಕ್ಸ್ ಸೂಪರ್" ಅಂತಷ್ಟೇ ಇರುತ್ತದೆ. ಬಹಳ ದಿನ ಬಳಸಿದವರಿಗೆ ಕಾಣುವುದೇ ಬೇರೆ. ಆ್ಯಪ್‌ನ ಹೆಸರು ಇಲ್ಲಿ ಹಾಕುತ್ತಿಲ್ಲ. ಇಂಥವು ಹತ್ತಾರಿವೆ, ಒಳಗಿರುವ ಒಗಟುಗಳೂ ಹೆಚ್ಚುಕಡಿಮೆ ಅವೇ. ನಾವು ಒಗಟಿನ ನಡುವೆ ಸಿಕ್ಕಿಹಾಕಿಕೊಂಡಾಗ ಆ್ಯಪ್ ಏನು ಮಾಡುತ್ತದೆ ಅನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ. ದುಡ್ಡು ಕೊಡಬೇಕಾದದ್ದು ಅದಕ್ಕೆ.

ಒಳಗೆ ಏನೇನಿದೆ ಅಂತ ಬೇಗ ಹೇಳಿಬಿಡುತ್ತೇನೆ. ತೋಳ, ಮೇಕೆ, ಎಲೆಕೋಸನ್ನು ಹೊಳೆ ದಾಟಿಸುವುದು ಇದೆ. ಯಾರ್ಕ್‌ನ ವಿದ್ವಾಂಸ ಆಲ್ಕ್ವಿನ್ ಬರೆದದ್ದು ಎನ್ನಲಾದ ಸಂಗ್ರಹದಲ್ಲಿ ಬರುವ ಒಗಟು ಅದು, ಸಾವಿರ ವರ್ಷಕ್ಕಿಂತ ಹಳೆಯದು. ಏಳು ಸಲ ದೋಣಿ ದಾಟಿದರೆ ಮುಗಿಯುತ್ತದೆ. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾಸ್ ಹೊರತಂದ, ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ ಹನೋಯ್ ಗೋಪುರ ಇದೆ. ಎಂಟು ಬಿಲ್ಲೆ ಇದ್ದರೆ ಕಡಿಮೆ ಅಂದರೂ 255 ನಡೆ ಬೇಕು. ಚದುರಂಗದ ಹಾಸಿನ ಮೇಲೆ ಎಂಟು ರಾಣಿಗಳನ್ನು ಒಂದಕ್ಕೊಂದು ಹೊಡೆಯದ ಹಾಗೆ ಕೂರಿಸುವುದು, ಐದು ಮನೆಗಳ ಜೀಬ್ರಾ ಒಗಟು, ಸುಡೊಕು, ಸುಳ್ಳು ಹೇಳುವವರು ಮತ್ತು ನಿಜ ಹೇಳುವವರ ದ್ವೀಪ, ಎಲ್ಲವೂ ಇವೆ. ಇವೆಲ್ಲ ಪುಕ್ಕಟೆಯಾಗಿಯೂ ಸಿಗುತ್ತವೆ. ಹಾಗಾಗಿ ಬರೀ ಒಗಟುಗಳಿಗಾಗಿ ಯಾರೂ ಚಂದಾ ಕಟ್ಟಬೇಕಿಲ್ಲ.

ನಾನು ಕಟ್ಟುತ್ತಿರುವುದು ಸುಳಿವಿಗಾಗಿ. ಒಂದು ಒಗಟನ್ನು ಹತ್ತಿರದಿಂದಲೇ ತೋರಿಸುತ್ತೇನೆ.

12 ನಾಣ್ಯಗಳಿವೆ. ನೋಡೋಕೆ ಎಲ್ಲಾ ಒಂದೇ ಥರ, ಆದರೆ ಒಂದು ಖೋಟಾ. ಅದು ಉಳಿದವಕ್ಕಿಂತ ಹಗುರವೋ ಭಾರವೋ ಗೊತ್ತಿಲ್ಲ. ಎರಡು ತಟ್ಟೆಯ ತಕ್ಕಡಿ ಇದೆ, ತೂಕದ ಕಲ್ಲುಗಳಿಲ್ಲ. ಮೂರೇ ಸಲ ತೂಗಿ ಖೋಟಾ ನಾಣ್ಯ ಯಾವುದು, ಅದು ಹಗುರವೋ ಭಾರವೋ, ಎರಡನ್ನೂ ಹೇಳಬೇಕು.

ಕೈ ಮೊದಲು ಹೋಗುವುದು ಆರು-ಆರಕ್ಕೆ. ಅರ್ಧ ಅರ್ಧ ಮಾಡಿದರೆ ಬೇಗ ಸಿಗುತ್ತದೆ ಅನ್ನಿಸುವುದು ಸಹಜ. ಹಾಗೆ ಇಟ್ಟು ಸುಳಿವಿನ ಬಟನ್ ಒತ್ತಿದರೆ ಈ ಆ್ಯಪ್ "ತಪ್ಪು" ಅನ್ನುವುದಿಲ್ಲ. ಒಂದು ಪ್ರಶ್ನೆ ಕೇಳುತ್ತದೆ: ಒಟ್ಟು ಎಷ್ಟು ಸಾಧ್ಯತೆಗಳಿವೆ? ಖೋಟಾ 12ರಲ್ಲಿ ಯಾವುದಾದರೂ ಆಗಬಹುದು, ಹಗುರವೋ ಭಾರವೋ ಆಗಬಹುದು, ಅಂದರೆ 24. ಇನ್ನೊಂದು ಸಲ ಒತ್ತಿದರೆ ಎರಡನೇ ಪ್ರಶ್ನೆ: ಒಂದು ಸಲ ತೂಗಿದಾಗ ತಕ್ಕಡಿ ಎಷ್ಟು ರೀತಿ ನಿಲ್ಲಬಹುದು? ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು, ಸಮ ನಿಲ್ಲಬಹುದು. ಮೂರು ಸಲ ತೂಗಿದರೆ 3×3×3, ಅಂದರೆ 27 ರೀತಿ. 24 ಸಾಧ್ಯತೆಗೆ 27 ಉತ್ತರ, ಅಂದರೆ ಜಾಗ ಸ್ವಲ್ಪವೇ ಮಿಕ್ಕಿದೆ. ಒಂದು ಸಲವೂ ಸುಮ್ನೆ ತೂಗುವ ಹಾಗಿಲ್ಲ.

ಅಲ್ಲಿಂದ ಮುಂದೆ ಅದು ಬಾಯಿ ಬಿಡುವುದಿಲ್ಲ. ಉಳಿದದ್ದನ್ನು ನಾವೇ ಕಟ್ಟಿಕೊಳ್ಳಬೇಕು. ಮೊದಲ ಸಲ ತೂಗಿದ ಮೇಲೆ ಉಳಿಯುವುದು ಎರಡು ಸಲ, ಎರಡು ಸಲಕ್ಕೆ 9 ಉತ್ತರ. ಹಾಗಾದರೆ ಮೊದಲ ತೂಕದ ನಂತರ 9ಕ್ಕಿಂತ ಜಾಸ್ತಿ ಸಾಧ್ಯತೆ ಉಳಿಯಬಾರದು. ಆರು-ಆರು ಇಟ್ಟರೆ ತಕ್ಕಡಿ ಸಮ ನಿಲ್ಲುವುದೇ ಇಲ್ಲ, ಯಾವ ಕಡೆ ವಾಲಿದರೂ 12 ಉಳಿಯುತ್ತವೆ. ಐದು-ಐದು ಇಟ್ಟು ವಾಲಿದರೆ 10 ಉಳಿಯುತ್ತವೆ. ಮೂರು-ಮೂರು ಇಟ್ಟು ಸಮ ನಿಂತರೆ ಹೊರಗಿರುವ ಆರು ನಾಣ್ಯಗಳಿಂದ ಮತ್ತೆ 12. ನಾಲ್ಕು-ನಾಲ್ಕು ಇಟ್ಟರೆ? ವಾಲಿದರೂ 8, ಸಮ ನಿಂತರೂ 8. ಇದೊಂದೇ ದಾರಿ. ಒಂದು ನಾಣ್ಯವನ್ನೂ ತೂಗದೆ ಮೊದಲ ನಡೆ ಇದೇ ಆಗಬೇಕು ಅಂತ ಗೊತ್ತಾಗಿಬಿಡುತ್ತದೆ. ಈ ಒಂದು ಲೆಕ್ಕ ತಲೆಗೆ ಹೊಕ್ಕ ಕ್ಷಣ ನನಗೆ ಆದ ಖುಷಿಗೆ ಇಡೀ ಚಂದಾ ಸರಿಹೋಯಿತು.

ಎರಡನೇ ತೂಕ ಇನ್ನೂ ಚೆಂದ. ಎಡದಲ್ಲಿ 1, 2, 3, 4, ಬಲದಲ್ಲಿ 5, 6, 7, 8 ಇಟ್ಟಿದ್ದೀರಿ, ಎಡ ಕೆಳಗಿಳಿಯಿತು ಅಂದುಕೊಳ್ಳಿ. ಈಗ ಒಂದು ತಟ್ಟೆಯಲ್ಲಿ 1, 2, 5, ಇನ್ನೊಂದರಲ್ಲಿ 3, 4, 6 ಇಡಬೇಕು. 7 ಮತ್ತು 8 ಹೊರಗೆ. ಸಮ ನಿಂತರೆ 7 ಅಥವಾ 8 ಹಗುರ. ಮೊದಲನೇ ತಟ್ಟೆ ಇಳಿದರೆ 1 ಅಥವಾ 2 ಭಾರ, ಇಲ್ಲವೇ 6 ಹಗುರ. ಎರಡನೇ ತಟ್ಟೆ ಇಳಿದರೆ 3 ಅಥವಾ 4 ಭಾರ, ಇಲ್ಲವೇ 5 ಹಗುರ. ಎಲ್ಲಿಯೂ ಮೂರಕ್ಕಿಂತ ಜಾಸ್ತಿ ಉಳಿಯಲಿಲ್ಲ, ಮೂರನೇ ತೂಕಕ್ಕೆ ಅಷ್ಟು ಸಾಕು. ಭಾರ ಇರಬಹುದಾದ ನಾಣ್ಯಗಳನ್ನೂ ಹಗುರ ಇರಬಹುದಾದವನ್ನೂ ಒಂದೇ ತಟ್ಟೆಯಲ್ಲಿ ಬೆರೆಸುವುದು ಇಲ್ಲಿನ ಜಾಣತನ. ಈ ಹಂತದಲ್ಲಿ ಆ್ಯಪ್ ಕೊಡುವ ಸುಳಿವು ಒಂದೇ ಸಾಲು: "ನಾಣ್ಯ ಇದ್ದ ತಟ್ಟೆಯಲ್ಲೇ ಇರಬೇಕು ಅಂತ ಯಾರು ಹೇಳಿದರು?" ಇಂಥ ಸಾಲು ಬರೆಯಲು ಒಗಟನ್ನು ನಿಜವಾಗಿ ಪ್ರೀತಿಸುವವರೇ ಬೇಕು.

ಉತ್ತರ ತಪ್ಪಾದಾಗಲೂ ಇದರ ನಡವಳಿಕೆ ಹಿಡಿಸಿತು. ರಾತ್ರಿ ಹೊತ್ತು ಸೇತುವೆ ದಾಟುವ ನಾಲ್ವರ ಒಗಟು ನಿಮಗೆ ಗೊತ್ತಿರಬಹುದು. ಒಂದೇ ಟಾರ್ಚ್, ಒಮ್ಮೆಗೆ ಇಬ್ಬರೇ ದಾಟಬೇಕು. ಒಬ್ಬೊಬ್ಬರಿಗೆ 1, 2, 5, 10 ನಿಮಿಷ ಬೇಕು, ಇಬ್ಬರು ಒಟ್ಟಿಗೆ ಹೋದರೆ ನಿಧಾನದವರ ಸಮಯವೇ ಲೆಕ್ಕ. ಎಲ್ಲಕ್ಕಿಂತ ಚುರುಕಿನವನೇ ಉಳಿದವರನ್ನು ಒಬ್ಬೊಬ್ಬರಾಗಿ ದಾಟಿಸಿದರೆ 19 ನಿಮಿಷ ಆಗುತ್ತದೆ. ಆ್ಯಪ್ ಅದನ್ನು ಒಪ್ಪಿಕೊಂಡು, "ಇನ್ನೂ ಬೇಗ ಆಗುತ್ತದೆ" ಅಂತ ಮಾತ್ರ ಹೇಳುತ್ತದೆ. ನಿಧಾನದ ಇಬ್ಬರನ್ನು ಒಟ್ಟಿಗೆ ಕಳಿಸಬೇಕು, ಟಾರ್ಚ್ ವಾಪಸ್ ತರಲು ಚುರುಕಿನ ಒಬ್ಬರು ಮೊದಲೇ ಆಚೆ ದಡದಲ್ಲಿ ಕಾದಿರಬೇಕು. ಹಾಗೆ ಮಾಡಿದರೆ 17. ಆ ಎರಡು ನಿಮಿಷಕ್ಕಾಗಿ ಜನ ಎಷ್ಟೊಂದು ಹೊತ್ತು ತಲೆ ಕೆರೆದುಕೊಳ್ಳುತ್ತಾರೆ ನೋಡಿ. ಕೆಂಪು ಗುರುತು ಹಾಕಿ "ವಿಫಲ" ಅಂದಿದ್ದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಮಾಂಟಿ ಹಾಲ್ ಒಗಟಿನ ಪುಟವಂತೂ ಬಹಳ ಜೋಪಾನವಾಗಿ ಮಾಡಿದ್ದಾರೆ. ಮೂರು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ, ನಿರೂಪಕ ಉಳಿದೆರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು, ಬದಲಾಯಿಸುತ್ತೀರಾ ಅಂತ ಕೇಳುತ್ತಾನೆ. ಬದಲಾಯಿಸಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು. 1990ರಲ್ಲಿ ಅಮೆರಿಕದ ಅಂಕಣಕಾರ್ತಿ ಮರಿಲಿನ್ ವೋಸ್ ಸವಾಂತ್ ತಮ್ಮ ಅಂಕಣದಲ್ಲಿ ಹೀಗೆ ಬರೆದಾಗ ಸುಮಾರು 10,000 ಪತ್ರಗಳು ಬಂದವು. ಹೆಚ್ಚಿನವು ನೀವು ತಪ್ಪು ಅಂತ ಹೇಳುವಂಥವೇ, ಬರೆದವರಲ್ಲಿ ಪಿಎಚ್‌ಡಿ ಪಡೆದವರೂ ನೂರಾರು ಮಂದಿ. ಆದರೆ ಮರಿಲಿನ್ ಹೇಳಿದ್ದೇ ಸರಿಯಾಗಿತ್ತು.

ಆದರೆ ಈ ಲೆಕ್ಕ ನಿಲ್ಲುವುದು ಒಂದು ಷರತ್ತಿನ ಮೇಲೆ. ಕಾರು ಎಲ್ಲಿದೆ ಅಂತ ನಿರೂಪಕನಿಗೆ ಗೊತ್ತಿರಬೇಕು, ಬೇಕೆಂದೇ ಮೇಕೆಯ ಬಾಗಿಲನ್ನು ತೆರೆಯಬೇಕು. ಅವನು ಕಣ್ಣು ಮುಚ್ಚಿ ಒಂದು ಬಾಗಿಲು ತೆರೆದು, ಅದೃಷ್ಟಕ್ಕೆ ಅಲ್ಲಿ ಮೇಕೆ ಸಿಕ್ಕಿದ್ದರೆ ಸಾಧ್ಯತೆ ಅರ್ಧ-ಅರ್ಧವೇ. ನಾನು ನೋಡಿದ ಎಷ್ಟೋ ಆ್ಯಪ್‌ಗಳಲ್ಲಿ ಈ ಮಾತೇ ಇರುವುದಿಲ್ಲ. ಇದರಲ್ಲಿ ಎರಡೂ ಬಗೆಯನ್ನು ಆಡಿ ನೋಡಬಹುದು. ನಮ್ಮ ಅಣ್ಣ "ಎರಡು ಬಾಗಿಲು ಉಳಿದ ಮೇಲೆ ಅರ್ಧ-ಅರ್ಧ ತಾನೇ, ಇದರಲ್ಲಿ ಏನಿದೆ" ಅಂತ ಪಟ್ಟು ಹಿಡಿದಿದ್ದ. ಅವನ ಕೈಗೆ ಫೋನ್ ಕೊಟ್ಟೆ. ಬದಲಾಯಿಸದೆ ಆಡುತ್ತಾ ಹೋದ, ಸೋಲು ಏರುತ್ತಾ ಹೋಯಿತು. ಆಮೇಲೆ ಬಾಗಿಲುಗಳನ್ನು ಮೂರರಿಂದ 100ಕ್ಕೆ ಏರಿಸಿದ. ನಿರೂಪಕ 98 ಬಾಗಿಲು ತೆರೆದು ಒಂದನ್ನು ಮಾತ್ರ ಬಿಟ್ಟಾಗ "ಓಹೋ, ಅದನ್ನು ಬೇಕೂಂತಲೇ ಬಿಟ್ಟಿದ್ದಾನೆ" ಅಂದ. ಈಗ ಬೇರೆಯವರಿಗೆ ಅವನೇ ವಿವರಿಸುತ್ತಾನೆ.

ಇನ್ನು ಬೇಸರದ ಮಾತು. ನಡುವೆ ಬಂದ ಒಂದು ಅಪ್‌ಡೇಟ್ ಆ್ಯಪ್‌ನ ಗುಣವನ್ನೇ ಕೆಡಿಸಿತು. ಪ್ರತಿ ಒಗಟಿನ ಮೇಲೆ ಓಡುವ ಗಡಿಯಾರ ಬಂತು. ದಿನವೂ ಆಡದಿದ್ದರೆ ಸರಣಿ ಮುರಿಯುತ್ತದೆ ಅಂತ ನೋಟಿಫಿಕೇಶನ್ ಶುರುವಾಯಿತು. ಎಷ್ಟು ಬೇಗ ಬಿಡಿಸಿದಿರಿ ಅಂತ ಪಟ್ಟಿ ಹಾಕತೊಡಗಿದರು. ನಾಣ್ಯದ ಒಗಟನ್ನು ಒಬ್ಬರು ಒಂದು ಗಂಟೆಯಲ್ಲಿ, ಇನ್ನೊಬ್ಬರು ಒಂದು ತಿಂಗಳಲ್ಲಿ ಬಿಡಿಸಿದರೆ ಇಬ್ಬರಿಗೂ ಸಿಗುವುದು ಅದೇ ಖುಷಿ ಅಲ್ವಾ? ತಿಂಗಳು ಹಿಡಿದವರಿಗೆ ಜಾಸ್ತಿಯೇ ಸಿಕ್ಕಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇವೆಲ್ಲವನ್ನೂ ನಿಲ್ಲಿಸಬಹುದು, ಆದರೆ ಒಂದೊಂದನ್ನೂ ಹುಡುಕಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಹಳೇ ಆ್ಯಪ್ ವಾಪಸ್ ಬಂದ ಹಾಗಾಯಿತು.

ಜಾರುವ ಚೌಕಗಳ 15ರ ಆಟದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇತ್ತು. 1ರಿಂದ 15ರವರೆಗಿನ ಚೌಕಗಳನ್ನು ಒಂದು ಖಾಲಿ ಜಾಗದ ಮೂಲಕ ಜಾರಿಸಿ ಕ್ರಮಕ್ಕೆ ತರುವ ಈ ಆಟದಲ್ಲಿ ಚೌಕಗಳನ್ನು ಹೇಗೆಂದರೆ ಹಾಗೆ ಕಲಸಿ ಇಟ್ಟರೆ, ಅಂಥ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು ಯಾರಿಂದಲೂ ಬಿಡಿಸಲಾಗುವುದಿಲ್ಲ. 14 ಮತ್ತು 15 ಮಾತ್ರ ಅದಲುಬದಲಾಗಿದ್ದರೆ ಅದನ್ನು ಸರಿ ಮಾಡುವುದು ಅಸಾಧ್ಯ. 1879ರಲ್ಲೇ ಗಣಿತಜ್ಞರು ಇದನ್ನು ಸಾಧಿಸಿ ತೋರಿಸಿದ್ದಾರೆ. ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್ ಅದನ್ನು ಬಿಡಿಸಿದವರಿಗೆ 1,000 ಡಾಲರ್ ಬಹುಮಾನ ಇಟ್ಟಿದ್ದ. ಆ ದುಡ್ಡು ಯಾರಿಗೂ ಸಿಗುವ ಹಾಗೇ ಇರಲಿಲ್ಲ. ಈ ಆ್ಯಪ್ ಮೊದಲು ಕಣ್ಣು ಮುಚ್ಚಿ ಕಲಸುತ್ತಿತ್ತು, ಬಿಡಿಸಲಾಗದ ಹಲಗೆಗಳನ್ನೇ ಎಷ್ಟೋ ಸಲ ಕೊಟ್ಟಿದೆ. ದೂರು ಕಳಿಸಿದೆ. ಉತ್ತರ ಬರಲು ಬಹಳ ತಿಂಗಳು ಹಿಡಿಯಿತು, ಈಗ ಸರಿಹೋಗಿದೆ. ನನ್ನ ಆಸೆ ಬೇರೆಯೇ ಇತ್ತು: ಆ ಅಸಾಧ್ಯ ಹಲಗೆಯನ್ನೂ ಉಳಿಸಿಕೊಂಡು, "ಇದು ಯಾಕೆ ಆಗುವುದಿಲ್ಲ, ಹೇಳಿ" ಅಂತ ಕೇಳಬಹುದಿತ್ತು. ಕ್ಯೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಒಗಟಿನಲ್ಲಿ ಅವರು ಮಾಡಿರುವುದು ಅದನ್ನೇ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಿ ಅಂತಾರೆ. ಸಾಕಾಗುವಷ್ಟು ಸುತ್ತಿದ ಮೇಲೆ ಪ್ರತಿ ದಡಕ್ಕೆ ಎಷ್ಟು ಸೇತುವೆ ಸೇರುತ್ತವೆ ಅಂತ ಎಣಿಸಲು ಹೇಳುತ್ತಾರೆ. 5, 3, 3, 3. ಎಲ್ಲವೂ ಬೆಸ ಸಂಖ್ಯೆ. ನಡುದಾರಿಯ ದಡಕ್ಕೆ ಬಂದಷ್ಟೇ ಸಲ ಹೊರಡಬೇಕು, ಅಂದರೆ ಅಲ್ಲಿ ಸಮ ಸಂಖ್ಯೆಯ ಸೇತುವೆ ಬೇಕು. ಬೆಸ ಇರಬಹುದಾದದ್ದು ಹೊರಡುವ ಮತ್ತು ಮುಟ್ಟುವ ಎರಡು ಕಡೆ ಮಾತ್ರ. ಇಲ್ಲಿ ನಾಲ್ಕೂ ಬೆಸ. ಗಣಿತಜ್ಞ ಯೂಲರ್ ಹೀಗೇ ಯೋಚಿಸಿ ಇದು ಆಗುವುದಿಲ್ಲ ಅಂತ ತೋರಿಸಿಕೊಟ್ಟ.

ಸುಡೊಕು ವಿಭಾಗ ಸಾಧಾರಣ. ಕೊಟ್ಟ ಅಂಕಿಗಳು ಕಡಿಮೆ ಇದ್ದರೆ "ಕಠಿಣ" ಅಂತ ಹಣೆಪಟ್ಟಿ ಹಚ್ಚುತ್ತಾರೆ. ಅದು ಸರಿಯಲ್ಲ. ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಅಂಕಿ ಬೇಕು ಅಂತ 2012ರಲ್ಲಿ ಕಂಪ್ಯೂಟರ್ ಸಹಾಯದಿಂದ ಸಾಬೀತಾಗಿದೆ. ಆದರೆ 17 ಇರುವ ಕೆಲವನ್ನು ಸಲೀಸಾಗಿ ಬಿಡಿಸಬಹುದು, 25 ಇರುವ ಕೆಲವು ಬೆವರಿಳಿಸುತ್ತವೆ.

ತೀರಾ ಮೇಲಿನ ಹಂತದಲ್ಲಿ ಸುಳಿವು ಬರೆಯುವವರು ಕೈ ಚೆಲ್ಲಿದ್ದಾರೆ. 1996ರಲ್ಲಿ ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ ಪ್ರಕಟಿಸಿದ ಮೂರು ದೇವರ ಒಗಟು ಅದರಲ್ಲಿದೆ. ಒಬ್ಬ ನಿಜ ಹೇಳುತ್ತಾನೆ, ಒಬ್ಬ ಸುಳ್ಳು ಹೇಳುತ್ತಾನೆ, ಒಬ್ಬ ಮನಸ್ಸಿಗೆ ಬಂದಂತೆ ಹೇಳುತ್ತಾನೆ. ಹೌದು, ಅಲ್ಲ ಅನ್ನುವ ಅವರ ಮಾತುಗಳಲ್ಲಿ ಯಾವುದರ ಅರ್ಥ ಯಾವುದು ಅಂತಲೂ ನಮಗೆ ಗೊತ್ತಿಲ್ಲ. ಮೂರು ಪ್ರಶ್ನೆಯಲ್ಲಿ ಯಾರು ಯಾರು ಅಂತ ಕಂಡುಹಿಡಿಯಬೇಕು. ಇಲ್ಲಿ ಸುಳಿವು ಒತ್ತಿದ ತಕ್ಷಣ ಇಡೀ ಉತ್ತರವೇ ಬಿಚ್ಚಿಕೊಳ್ಳುತ್ತದೆ. "ಮನಸ್ಸಿಗೆ ಬಂದಂತೆ ಹೇಳುವವನಲ್ಲ ಅಂತ ಖಚಿತವಾದ ಒಬ್ಬನನ್ನು ಮೊದಲು ಹುಡುಕಿ" ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಇಷ್ಟು ಒಳ್ಳೆಯ ಒಗಟು ಒಂದೇ ಬೆರಳೊತ್ತಿಗೆ ಹಾಳಾಗುವುದು ನಿಜಕ್ಕೂ ನೋವಿನ ವಿಷಯ. ಅದನ್ನು ತೆರೆಯುವ ಮುಂಚೆ ಸುಳಿವಿನ ಬಟನ್ ಆಫ್ ಮಾಡಿಕೊಳ್ಳಿ.

ಜಾಹೀರಾತಿನಲ್ಲಿ "ನೆನಪಿನ ಶಕ್ತಿ ಹೆಚ್ಚುತ್ತದೆ, ಮೆದುಳು ಚುರುಕಾಗುತ್ತದೆ" ಅಂತಲೂ ಹೇಳಿಕೊಂಡಿದ್ದಾರೆ. ಅದಕ್ಕಾಗಿ ತಗೊಳ್ಳಬೇಡಿ. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 11,430 ಜನ ಆರು ವಾರ ಕಂಪ್ಯೂಟರಿನಲ್ಲಿ ಮೆದುಳಿನ ವ್ಯಾಯಾಮ ಮಾಡಿದರು. ಅಭ್ಯಾಸ ಮಾಡಿದ ಆಟಗಳಲ್ಲಿ ಸುಧಾರಿಸಿದರು, ಬೇರೆ ಕೆಲಸಗಳಿಗೆ ಆ ಲಾಭ ದಾಟಿದ್ದು ಕಾಣಲಿಲ್ಲ. ನಾನೇ ಬಳಸಿದ ಅನುಭವದಲ್ಲಿ ಬೀಗದ ಕೈ ಎಲ್ಲಿಟ್ಟೆ ಅನ್ನುವುದು ಈಗಲೂ ಮೊದಲಿನಷ್ಟೇ ಮರೆಯುತ್ತದೆ. ಒಂದು ಅಭ್ಯಾಸ ಮಾತ್ರ ಬಂದಿದೆ: ಯಾವ ಲೆಕ್ಕವಾಗಲಿ, ಬಿಡಿಸಲು ಕೂರುವ ಮುಂಚೆ ಎಷ್ಟು ಸಾಧ್ಯತೆ ಇದೆ ಅಂತ ಎಣಿಸುತ್ತೇನೆ. ಅದು ನಾಣ್ಯದ ಒಗಟಿನ ಆ ಮೊದಲ ಸುಳಿವಿನಿಂದ ಬಂದದ್ದು.

ಈ ವರ್ಷವೂ ಚಂದಾ ಮುಂದುವರಿಸಿದ್ದೇನೆ. ನೀವು ಯಾವುದೇ ಪಜಲ್ ಆ್ಯಪ್ ಕೊಳ್ಳುವ ಮುಂಚೆ, ಪುಕ್ಕಟೆ ಅವಧಿಯಲ್ಲಿ ಎರಡು ಕಡೆ ನೋಡಿ. ಮೂರು ಬಾಗಿಲಿನ ಒಗಟನ್ನು ತೆರೆದು, ನಿರೂಪಕನಿಗೆ ಕಾರು ಎಲ್ಲಿದೆ ಅಂತ ಗೊತ್ತು ಅನ್ನುವ ಮಾತು ಇದೆಯಾ ಓದಿ. ಆಮೇಲೆ 12 ನಾಣ್ಯದ್ದಕ್ಕೆ ಹೋಗಿ, ಆರು-ಆರು ಇಟ್ಟು ಸುಳಿವು ಒತ್ತಿ. "ನಾಲ್ಕು-ನಾಲ್ಕು ಇಡಿ" ಅಂತ ಬಂದರೆ ಅನ್‌ಇನ್‌ಸ್ಟಾಲ್ ಮಾಡಿ. ಪ್ರಶ್ನೆ ಬಂದರೆ ಇಟ್ಟುಕೊಳ್ಳಿ.