ಸ್ಕ್ಯಾನ್ ಡೈ ಹಾಕಿದ ಕ್ಯಾನುಲಾದಿಂದ ಜೀನ್ ಟೆಸ್ಟಿಗೆ ರಕ್ತ ಕೊಡಬೇಡಿ

ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಇದರಲ್ಲಿ ನನ್ನದೂ ತಪ್ಪಿದೆ, ಅದಕ್ಕೇ ನಾಚಿಕೆ. ಆದರೆ 18 ಸಾವಿರ ಹೋಯಿತು, ಸುಮ್ನೆ ಇರೋಕೆ ಆಗುತ್ತಿಲ್ಲ.

ಅಕ್ಕನಿಗೆ ಸ್ತನ ಕ್ಯಾನ್ಸರ್. ಡಾಕ್ಟರು ಕಾಂಟ್ರಾಸ್ಟ್ ಸಿಟಿ (ಡೈ ಹಾಕಿ ಮಾಡುವ ಸ್ಕ್ಯಾನ್), ಬಿಆರ್‌ಸಿಎ ಜೀನ್ ಟೆಸ್ಟ್ (ಸ್ತನ ಕ್ಯಾನ್ಸರ್ ತರಬಲ್ಲ ಜೀನ್ ದೋಷ ಹುಟ್ಟಿನಿಂದಲೇ ಇದೆಯಾ ಅಂತ ನೋಡೋದು) ಎರಡನ್ನೂ ಬರೆದುಕೊಟ್ಟರು. ಗುಬ್ಬಿಯಿಂದ ಬೆಳಿಗ್ಗೆನೇ ತುಮಕೂರಿಗೆ ಹೋದೆವು. "ಎರಡೂ ಇವತ್ತೇ ಮುಗಿಸಿಕೊಡ್ತೀವಿ ಮೇಡಂ, ಇನ್ನೊಂದು ಸಲ ಓಡಾಡೋದು ಬೇಡ" ಅಂದರು ಸ್ಕ್ಯಾನ್ ಸೆಂಟರಿನವರು. ಕಿಡ್ನಿ ಸರಿ ಇದೆಯಾ ನೋಡಬೇಕಲ್ಲ, ಮೊದಲು ಕ್ರಿಯಾಟಿನಿನ್‌ಗೆ ರಕ್ತ ತೆಗೆದರು. ಆಮೇಲೆ ಕ್ಯಾನುಲಾ (ನರದೊಳಗೆ ಬಿಡುವ ಸಣ್ಣ ಕೊಳವೆ), ಅಯೋಡಿನ್ ಡೈ, ಸ್ಕ್ಯಾನ್. ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಹುಡುಗ ನೇರಳೆ ಮುಚ್ಚಳದ ಟ್ಯೂಬ್ ಹಿಡಿದು ಬಂದ. "ಮತ್ತೆ ಚುಚ್ಚಬೇಡಪ್ಪ, ಅವಳಿಗೆ ನರ ಸಿಗಲ್ಲ" ಅಂದೆ ನಾನು. ಸರಿ ಅಂತ ಅದೇ ಕ್ಯಾನುಲಾದಿಂದ ಎಳೆದುಕೊಂಡ. ಎಂಥ ಒಳ್ಳೆ ಹುಡುಗ ಅಂದುಕೊಂಡೆ, ಥೂ.

ಮೂರು ವಾರ ಕಾದ ಮೇಲೆ ಬಂದದ್ದು ರಿಪೋರ್ಟ್ ಅಲ್ಲ, ಮೆಸೇಜು. ಸ್ಯಾಂಪಲ್ ಫೇಲ್. ಮತ್ತೆ ರಕ್ತ ಕೊಡಿ, ಮತ್ತೆ ದುಡ್ಡು ಕಟ್ಟಿ.

ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದೆ. "ಡೈ ಬೆರೆತಿರುತ್ತೆ ಮೇಡಂ, ಕೆಲವು ಸಲ ಹೀಗಾಗುತ್ತೆ."

"ಗೊತ್ತಿದ್ದೂ ಯಾಕೆ ತೆಗೆದಿರಿ?"

"ಚುಚ್ಚಬೇಡಿ ಅಂದಿದ್ದು ನೀವೇ ಅಲ್ವಾ?"

ಬಾಯಿ ಕಟ್ಟಿಹೋಯಿತು. ಮಾರನೇ ದಿನ ನೇರವಾಗಿ ಹೋದರೆ ಮಾತೇ ಬೇರೆ, ಡೈ ಅಲ್ಲವಂತೆ, ಕ್ಯಾನುಲಾ ಕಟ್ಟಿಕೊಳ್ಳದಿರಲಿ ಅಂತ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಹಾಕಿದ್ದರಂತೆ, ಅದು ಸೇರಿರಬಹುದಂತೆ. ಮೂರನೇ ಸಲ "ಲ್ಯಾಬಿನವರನ್ನೇ ಕೇಳಿ". ಲ್ಯಾಬಿನವರು "ರಕ್ತ ತೆಗೆದವರನ್ನೇ ಕೇಳಿ".

ಕೊನೆಗೆ ನಮ್ಮ ಡಾಕ್ಟರೇ ಬಿಡಿಸಿ ಹೇಳಿದರು. ಲ್ಯಾಬಿನಲ್ಲಿ ಡಿಎನ್‌ಎಯ ನಕಲುಗಳನ್ನು ಮಾಡಿಕೊಂಡು ಓದುತ್ತಾರೆ, ಹೆಪಾರಿನ್ ಆ ನಕಲು ಮಾಡುವ ಕೆಲಸವನ್ನೇ ತಡೆಯುತ್ತದೆ. ಒಂದೇ ಕ್ಯಾನುಲಾ ಆದರೆ ಡೈ, ಸಲೈನ್ ಎಲ್ಲವೂ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಡೈ ಅರ್ಧ ಹೋಗೋಕೆ ಸುಮಾರು 2 ಗಂಟೆ, ಒಂದು ದಿನದಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಅಕ್ಕನ ಜೀನಿಗೆ ಏನಾಯಿತೋ ಅಂತ ಹೆದರಿದ್ದೆ. ಡೈಯಿಂದ ಜೀನ್ ಬದಲಾಗಲ್ಲ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಹುಟ್ಟಿನಿಂದ ಬಂದ ಜೀನು ಇವತ್ತೂ ಅದೇ, ಮುಂದಿನ ತಿಂಗಳೂ ಅದೇ. ಆ ಹೊತ್ತಿಗೇ ತೆಗೆಯುವ ಅವಸರ ಯಾರಿಗಿತ್ತು? ಬೆಳಿಗ್ಗೆ ಕ್ರಿಯಾಟಿನಿನ್‌ಗೆ ಸೂಜಿ ಹಾಕಿದ್ದರಲ್ಲ, ಆಗಲೇ ಇನ್ನೊಂದು ಟ್ಯೂಬ್ ತುಂಬಿಸಿದ್ದರೆ ಚುಚ್ಚೋದೂ ಒಂದೇ ಸಲ, ಡೈಯೂ ಇಲ್ಲ, ಹೆಪಾರಿನ್ನೂ ಇಲ್ಲ.

ಜೀನ್ ಟೆಸ್ಟಿಗೆ ರಕ್ತ ಸ್ಕ್ಯಾನಿಗೆ ಮೊದಲೇ ಕೊಡಿ, ಇಲ್ಲವೇ ಇನ್ನೊಂದು ದಿನ, ಬೇರೆ ಕೈಯಿಂದ. ಕ್ಯಾನುಲಾದಿಂದ ಬೇಡ, ಎಷ್ಟೇ ನಗುನಗುತ್ತಾ ಬಂದರೂ ಬೇಡ.

ದುಡ್ಡು ವಾಪಸ್ ಕೇಳಿದ್ದಕ್ಕೆ ರಸೀದಿ ತಿರುಗಿಸಿ ತೋರಿಸಿದರು. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ, ಸ್ಯಾಂಪಲ್ ಕೆಟ್ಟರೆ ಹಣ ವಾಪಸ್ ಇಲ್ಲ. ಕೆಳಗೆ ನನ್ನದೇ ಸಹಿ.