ಸಾಲಿನ ಕೊನೆಯ ಬೈಕು: ಬೆಳಗಾವಿಯ ಒಂದು ಅಡ್ವೆಂಚರ್ ಕ್ಲಬ್ಬಿನ ಬಗ್ಗೆ

ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ, ಇನ್ನೊಂದು ದಿಕ್ಕಿಗೆ ಅಂಬೋಲಿ, ಪೂರ್ವಕ್ಕೆ ಹೊರಟರೆ ಗೋಕಾಕ ಜಲಪಾತ ಹಾಗೂ ಸವದತ್ತಿಯ ನವಿಲುತೀರ್ಥ. ಇಷ್ಟೆಲ್ಲ ದಾರಿಗಳಿರುವ ಬೆಳಗಾವಿಯಲ್ಲಿ ಬೈಕ್ ಬಳಗಗಳು ಹುಟ್ಟಿಕೊಳ್ಳುವುದು ಸಹಜ. ಅಂಥ ಬಳಗದ ಯೋಗ್ಯತೆಯನ್ನು ಅಳೆಯಬೇಕಾದದ್ದು ಸಾಲಿನ ಕೊನೆಯ ಬೈಕನ್ನು ನೋಡಿ ಎಂಬುದು ನನ್ನ ಅಭಿಪ್ರಾಯ. ನಾನು ಸದಸ್ಯೆಯಾಗಿರುವ ಕ್ಲಬ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಹೊರಡುವ ಮುನ್ನ ಟೈರಿನ ಗಾಳಿ, ಚೈನಿನ ಬಿಗಿ, ಬ್ರೇಕ್ ಪ್ಯಾಡ್ ಮತ್ತು ಹಿಂದಿನ ದೀಪವನ್ನು ಪ್ರತಿಯೊಬ್ಬರದೂ ನೋಡುತ್ತಾರೆ. ಐಎಸ್‌ಐ ಗುರುತಿರುವ, ಗದ್ದವನ್ನೂ ಮುಚ್ಚುವ ಹೆಲ್ಮೆಟ್ ಹಿಂದೆ ಕುಳಿತವರಿಗೂ ಕಡ್ಡಾಯ. ಪಟ್ಟಿ ಬಿಗಿಯದವರನ್ನು ಸಾಲಿಗೆ ಸೇರಿಸುವುದಿಲ್ಲ.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಸಾಲಿನ ಶಿಸ್ತು. ಮುಂದೆ ಲೀಡ್ ರೈಡರ್, ಅವರ ಬೆನ್ನಿಗೇ ಹೊಸಬರು, ನಡುವೆ ಪಳಗಿದವರು, ಎಲ್ಲರಿಗಿಂತ ಹಿಂದೆ ಪಂಕ್ಚರ್ ಕಿಟ್ ಮತ್ತು ಔಷಧದ ಪೆಟ್ಟಿಗೆ ಹೊತ್ತ ಸ್ವೀಪ್ ರೈಡರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುವುದರಿಂದ, ಮುಂದಿನ ಬೈಕಿಗೂ ತಮಗೂ ಕನಿಷ್ಠ ಎರಡು ಸೆಕೆಂಡಿನ ಅಂತರವಿರಬೇಕೆಂದು ಪದೇ ಪದೇ ಹೇಳುತ್ತಾರೆ. ನೇರ ರಸ್ತೆಯಲ್ಲಿ ಒಬ್ಬರು ಎಡಕ್ಕೆ, ಮತ್ತೊಬ್ಬರು ಬಲಕ್ಕೆ ಸಾಗುವ ಸಾಲು, ಘಾಟ್ ಆರಂಭವಾದೊಡನೆ ಒಬ್ಬರ ಹಿಂದೊಬ್ಬರಂತೆ ಒಂದೇ ಎಳೆಯಾಗುತ್ತದೆ, ಏಕೆಂದರೆ ತಿರುವಿನಲ್ಲಿ ಸವಾರನಿಗೆ ತನ್ನ ಲೇನಿನ ಪೂರ್ತಿ ಅಗಲ ಬೇಕು. ಕವಲು ಬಂದಲ್ಲಿ ಹಿಂದಿನವರು ಕಾಣುವ ತನಕ ಯಾರೂ ಮುಂದೆ ಹೋಗುವಂತಿಲ್ಲ.

ಮಳೆಗಾಲದ ಚೋರ್ಲಾದಲ್ಲಿ ಮಂಜು ದಟ್ಟವಾಗಿದ್ದು, ಕೆಂಪು ಕೆಸರು ರಸ್ತೆಗೆ ಹರಿದಿರುತ್ತದೆ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಎಂಜಿನ್ನಿನ ತಡೆಯನ್ನು ಬಳಸುವುದು, ಎರಡೂ ಬ್ರೇಕುಗಳನ್ನು ಮೆಲ್ಲಗೆ ಒತ್ತುವುದು, ಕಣ್ಣನ್ನು ಗುಂಡಿಯ ಮೇಲಿಡದೆ ತಿರುವು ಮುಗಿಯುವ ಕಡೆಗೆ ಇಡುವುದು ಇವೆಲ್ಲವನ್ನೂ ಇಲ್ಲಿ ತಾಳ್ಮೆಯಿಂದ ಕಲಿಸುತ್ತಾರೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿದೆ. ಅದು ಚಕ್ರ ಲಾಕ್ ಆಗದಂತೆ ತಡೆಯುತ್ತದೆಯೇ ಹೊರತು ಪಾಚಿಗಟ್ಟಿದ ರಸ್ತೆಗೆ ಹಿಡಿತ ಕೊಡಲಾರದು ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಹಿಮಾಲಯನ್‌ನಂಥ ಬೈಕುಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಅನ್ನು ಆಫ್ ಮಾಡುವ ಸೌಲಭ್ಯವಿದೆ. ಮುರುಮಿನ ಇಳಿಜಾರಿನ ಅಭ್ಯಾಸದಲ್ಲಿ ಅದನ್ನು ಬಳಸಲು ಹೇಳಿಕೊಟ್ಟ ತರಬೇತುದಾರರು, ಡಾಂಬರಿಗೆ ಮರಳಿದೊಡನೆ ಮತ್ತೆ ಹಾಕಿಕೊಂಡಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿದರು.

ಎರಡು ಕೊರತೆಗಳನ್ನು ಹೇಳಲೇಬೇಕು. ಔಷಧದ ಪೆಟ್ಟಿಗೆ ಇದ್ದರೂ ರಕ್ತಸ್ರಾವ ತಡೆಯುವ, ಬಿದ್ದವರ ಹೆಲ್ಮೆಟ್ ಮುಟ್ಟಬೇಕೇ ಬೇಡವೇ ಎಂದು ನಿರ್ಧರಿಸುವ ತರಬೇತಿ ಎಲ್ಲರಿಗೂ ಸಿಗುತ್ತಿಲ್ಲ. 108ರ ಆಂಬುಲೆನ್ಸ್ ಘಾಟ್ ಏರಿ ಬರುವವರೆಗೆ ಪಕ್ಕದಲ್ಲಿರುವವರು ನಾವೇ. ಎರಡನೆಯದು ವೇಳೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದೆ ರಿಫ್ಲೆಕ್ಟರ್ ಕೂಡ ಇಲ್ಲದೆ, ಗೋಕಾಕ ಭಾಗದ ರಸ್ತೆಗಳಲ್ಲಿ ಕತ್ತಲಾದ ಮೇಲೂ ಓಡಾಡುತ್ತವೆ. ಆ ಅವಧಿಯಲ್ಲಿ ಸೂರ್ಯ ಮುಳುಗುವ ಮೊದಲೇ ಊರು ಸೇರುವ ನಿಯಮವನ್ನು ಕ್ಲಬ್ ಮಾಡಿಕೊಳ್ಳಬೇಕೆಂದು ಸಂಚಾಲಕರಿಗೆ ಬರೆದು ಕೊಟ್ಟಿದ್ದೇನೆ.