ಕುರಿ ಮೇವಿಗೆ ಯೂರಿಯಾ ನೀರು ಚಿಮುಕಿಸುವ ಮುಂಚೆ ಇದನ್ನು ಓದಿ

ಹೋದ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ನಮ್ಮ ದೊಡ್ಡಿಯಲ್ಲಿ ಆರು ಕುರಿ ಸತ್ತವು. ರೋಗ ಬಂದಿರಲಿಲ್ಲ. ನಾನು ಬಕೆಟ್‌ನಲ್ಲಿ ಬಿಟ್ಟಿದ್ದ ಯೂರಿಯಾ ನೀರು ಕುಡಿದಿದ್ದವು.

ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ಕಡೆ. ಏಪ್ರಿಲ್ ಬಂತೆಂದರೆ ಜೋಳದ ಕಣಿಕಿಯೇ (ಒಣ ದಂಟು) ಗತಿ. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ, ಕುರಿ ಮೈ ಹಿಡಿಯುವುದಿಲ್ಲ. ಪರಿಚಯದವರೊಬ್ಬರು ‘ಕಣಿಕಿಗೆ ಯೂರಿಯಾ ನೀರು ಹೊಡಿ, ಹಿಂಡಿ ಖರ್ಚು ಉಳಿಯುತ್ತದೆ’ ಅಂದರು. ಮಾತು ಪೂರ್ತಿ ಸುಳ್ಳಲ್ಲ. ಕುರಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕದಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ. ಆದರೆ ಒಮ್ಮೆಲೇ ಜಾಸ್ತಿ ಹೋದರೆ ಅದೇ ಅಮೋನಿಯಾ ಆಗಿ ರಕ್ತ ಸೇರುತ್ತದೆ. ಇದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೂಕ ಮಾಡದೆ ಬೊಗಸೆ ಲೆಕ್ಕದಲ್ಲಿ ಕಲಸಿದೆ. ಉಳಿದ ನೀರು ಬಕೆಟ್‌ನಲ್ಲೇ ಇತ್ತು, ತಳದಲ್ಲಿ ಕರಗದ ಬಿಳಿ ಕಾಳು. ಬಿಸಿಲಿಗೆ ಬಾಯಾರಿ ಬಂದ ಕುರಿಗಳು ಅದಕ್ಕೇ ಬಾಯಿ ಹಾಕಿದವು. ಅರ್ಧ ಗಂಟೆಯೂ ಆಗಿರಲಿಲ್ಲ, ಒಂದು ಕುರಿ ಹಲ್ಲು ಕಡಿಯತೊಡಗಿತು. ಬಾಯಲ್ಲಿ ನೊರೆ ಬಂತು, ಎಡಪಕ್ಕೆ ಉಬ್ಬಿತು, ಕಾಲು ನಡುಗಿ ಬಿದ್ದು ಒದ್ದಾಡಿತು. ಅದರ ಮರಿ ಪಕ್ಕದಲ್ಲೇ ನಿಂತು ಕೂಗುತ್ತಿತ್ತು.

ಪಶುವೈದ್ಯರು ಫೋನಿನಲ್ಲೇ ‘ಮೊದಲು ವಿನೆಗರ್ ಕುಡಿಸಿ’ ಅಂದರು. ಗೋಬಿ ಅಂಗಡಿಯಿಂದ ಬಾಟಲಿ ತಂದು, ಒಂದೊಂದಕ್ಕೆ ಅರ್ಧ ಲೀಟರ್‌ನಂತೆ ನಿಧಾನವಾಗಿ ಕುಡಿಸಿದೆವು, ಜೊತೆಗೆ ತಣ್ಣೀರು. ಇನ್ನೂ ನಿಂತಿದ್ದ ಮೂರು ಉಳಿದವು. ಕುರಿ ಸಾಕುವವರ ಮನೆಯಲ್ಲಿ ಎರಡು ಬಾಟಲಿ ವಿನೆಗರ್ ಇರಲಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡುವುದನ್ನೂ ತಡಮಾಡಬೇಡಿ.

ಯೂರಿಯಾ ಬಳಸಲೇಬೇಕು ಅಂದರೆ ಸುಮ್ನೆ ಚಿಮುಕಿಸಿ ಅವತ್ತೇ ಹಾಕಬೇಡಿ. 100 ಕೆಜಿ ಕಣಿಕಿಗೆ 4 ಕೆಜಿ ಯೂರಿಯಾ, ತೂಕ ಮಾಡಿಯೇ. 50 ಲೀಟರ್ ನೀರಿನಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ. ಪದರ ಪದರವಾಗಿ ಹೊಡೆದು, ತುಳಿದು, ತಾಡಪತ್ರಿ ಹೊದಿಸಿ ಗಾಳಿಯಾಡದಂತೆ 21 ದಿನ ಮುಚ್ಚಿಡಿ. ತೆಗೆದ ಮೇಲೆ ಘಾಟು ಹೋಗುವ ತನಕ ಹರಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಮರಿಗೆ ಬೇಡವೇ ಬೇಡ.

ಆ ವರ್ಷ ನಮ್ಮದೇ ಹೊಲದ ತೊಗರಿ ಹೊಟ್ಟನ್ನು ಮಾರಿಬಿಟ್ಟಿದ್ದೆ. ಕಣಿಕಿಗಿಂತ ಅದರಲ್ಲೇ ಪ್ರೋಟೀನ್ ಜಾಸ್ತಿ. ಈಗ ಒಂದು ಚೀಲವನ್ನೂ ಮಾರುವುದಿಲ್ಲ, ಕಣಿಕಿ ಜೊತೆ ಅದನ್ನೇ ಹಾಕಿ ಮೇಲೊಂದು ಹಿಡಿ ಶೇಂಗಾ ಹಿಂಡಿ ಕೊಡುತ್ತೇನೆ. ಯೂರಿಯಾ ಚೀಲ ಮತ್ತು ಆ ಬಕೆಟ್ ಬೀಗದ ಕೋಣೆಯಲ್ಲಿವೆ.